ಕ್ಯಾಸೆಟ್ಟಿನಲ್ಲಿದ್ದ ಮಳೆ

ಒಂದು ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ವೇಷ ಹಾಕಬಲ್ಲದು. ಬರೀ ಬಣ್ಣ ಬಳಿದುಕೊಂಡು ನಿಲ್ಲುವ ವೇಷವಲ್ಲ. ಮಾತು, ನಡಿಗೆ, ಹಟ, ಮರೆವು ಎಲ್ಲವೂ ಆ ಇನ್ನೊಂದರದ್ದೇ. ಇದಕ್ಕೆ ಎಮ್ಯುಲೇಶನ್ ಎನ್ನುತ್ತಾರೆ. ವೇಷ ಕಟ್ಟಿಕೊಡುವ ತಂತ್ರಾಂಶದ ಹೆಸರು ಎಮ್ಯುಲೇಟರ್.

ನಮ್ಮ ಮನೆಯಲ್ಲಿ ಈ ವೇಷಧಾರಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಹಲಗೆ. ಉದ್ದ 85 ಮಿಲಿಮೀಟರ್, ಅಗಲ 56 ಮಿಲಿಮೀಟರ್. ಹೆಚ್ಚೂಕಡಿಮೆ ಎಟಿಎಂ ಕಾರ್ಡಿನಷ್ಟೇ. ಒಂದು ಕೀಲಿಮಣೆ, ಟಿವಿಗೊಂದು ತಂತಿ, ಮೊಬೈಲಿನದರಂಥ ಒಂದು ಚಾರ್ಜರು ಕೊಟ್ಟರೆ ಅದೇ ಪೂರ್ತಿ ಕಂಪ್ಯೂಟರು. ಅದರಲ್ಲಿ ಎಮ್ಯುಲೇಟರ್ ತೆರೆದ ಕೂಡಲೇ ಟಿವಿ ಪರದೆ ಕಪ್ಪಾಗುತ್ತದೆ. ಮೊದಲು ದಪ್ಪ ದನಿ, ಹಿಂದೆಯೇ ಸಣ್ಣ ದನಿ, ಹೀಗೆ ಎರಡು ಸ್ವರ ಕೇಳುತ್ತದೆ. ಆಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು, ಕೆಳಗೆ ‘ಬೇಸಿಕ್’, ಅದರ ಕೆಳಗೆ ಬಾಣದ ತುದಿಯಂಥ ಒಂದು ಗುರುತು. ಮುಗಿಯಿತು.

ಏಳನೆಯ ತರಗತಿಯ ನನ್ನ ಮೊಮ್ಮಗ ಸ್ವಲ್ಪ ಹೊತ್ತು ಕಾದ.

“ಮುಂದೇನು ಅಜ್ಜೀ?”

“ಏನೂ ಇಲ್ಲ. ನೀನು ಏನಾದರೂ ಹೇಳಲಿ ಅಂತ ಅದು ಕಾಯ್ತಾ ಇದೆ.”

ಆಟದ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರ ಕಾಲದ ಮನೆ ಕಂಪ್ಯೂಟರುಗಳು ಹೀಗೇ ಇದ್ದವು. ಸ್ವಿಚ್ ಹಾಕಿದರೆ ಖಾಲಿ ಸ್ಲೇಟು. ಬೇಸಿಕ್ ಎಂಬ ಭಾಷೆಯಲ್ಲಿ ನಾವು ಬರೆದರೆ ಅದು ಮಾಡುತ್ತಿತ್ತು. 10ನೆಯ ಸಾಲಿನಲ್ಲಿ ‘ಪ್ರಿಂಟ್’ ಎಂದು ಬರೆದು ಮುಂದೆ ನಿಮ್ಮ ಹೆಸರು ಹಾಕಿ. 20ನೆಯ ಸಾಲಿನಲ್ಲಿ ‘ಗೋಟೂ 10’ ಎನ್ನಿ. ‘ರನ್’ ಎಂದರೆ ನಿಮ್ಮ ಹೆಸರು ಪರದೆ ತುಂಬಿ, ಮೇಲಕ್ಕೆ ಹರಿದು, ನಿಲ್ಲಿಸುವ ತನಕ ಬರುತ್ತಲೇ ಇರುತ್ತದೆ. ನಮ್ಮ ಹುಡುಗನಿಗೆ ಹೆಸರಿನ ಎರಡು ಬದಿಗೆ ಹಾಕಬೇಕಾದ ಉದ್ಧರಣ ಚಿಹ್ನೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಈಗಿನ ಕೀಲಿಮಣೆಯಲ್ಲಿ ಅದು ಬಲಗಡೆ ಇರುತ್ತದೆ, ಬಿಬಿಸಿ ಯಂತ್ರದಲ್ಲಿ 2ರ ತಲೆಯ ಮೇಲಿತ್ತು. ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ!

ಐದು ದಿನದಲ್ಲಿ ಹುಟ್ಟಿದ್ದು

ಬಿಬಿಸಿ ಮೈಕ್ರೊ ಎಂಬ ಆ ಯಂತ್ರ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸುವ ಟಿವಿ ಕಾರ್ಯಕ್ರಮ ಮಾಡಲು ಬಿಬಿಸಿ ಹೊರಟಿತ್ತು. ಅದಕ್ಕೊಂದು ಯಂತ್ರ ಬೇಕಿತ್ತು. ಏಕಾರ್ನ್ ಎಂಬ ಸಣ್ಣ ಕಂಪನಿ ಒಂದೇ ವಾರದಲ್ಲಿ ಮಾದರಿ ತೋರಿಸಬೇಕಾಗಿ ಬಂತು. ಅದರ ಒಡೆಯರಲ್ಲೊಬ್ಬರಾದ ಹರ್ಮನ್ ಹೌಸರ್ ಒಂದು ಉಪಾಯ ಮಾಡಿದರು. ಸೋಫಿ ವಿಲ್ಸನ್ ಅವರಿಗೆ ಫೋನ್ ಮಾಡಿ “ಆಗುತ್ತದೆ ಅಂತ ಸ್ಟೀವ್ ಹೇಳಿದ್ದಾರೆ” ಎಂದರು. ಸ್ಟೀವ್ ಫರ್ಬರ್ ಅವರಿಗೆ “ಆಗುತ್ತದೆ ಅಂತ ಸೋಫಿ ಹೇಳಿದ್ದಾರೆ” ಎಂದರು. ಇಬ್ಬರೂ ಸಿಕ್ಕಿಬಿದ್ದರು! ಸೋಮವಾರ ಶುರುವಾದ ಕೆಲಸ ಶುಕ್ರವಾರ ಬೆಳಿಗ್ಗೆ ಬಿಬಿಸಿಯವರು ಬರುವ ಹೊತ್ತಿಗೆ ಮುಗಿದಿತ್ತು. 1981ರ ಡಿಸೆಂಬರಿನಲ್ಲಿ ಯಂತ್ರ ಹೊರಬಂತು. ಮುಂದೆ ಹದಿನೈದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಅದರ ನೆನಪಿನ ಶಕ್ತಿ 32ಕೆ, ಅಂದರೆ 32,768 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಈಗಿನ ಯೂನಿಕೋಡಿನಲ್ಲಿ ನಮ್ಮ ‘ಕ್ಯಾ’ ಒಂದಕ್ಕೇ 12 ಬೈಟು ಬೇಕಾಗುತ್ತದೆ. ನೀವು ಓದುತ್ತಿರುವ ಈ ಲೇಖನ ಅದರೊಳಗೆ ಹಿಡಿಸುವುದಿಲ್ಲ.

ಆ ಯಂತ್ರ ನಮ್ಮ ದೇಶಕ್ಕೂ ಬಂತು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿ, ಮೊದಲ ಕಂತಿನಲ್ಲಿ 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕೊಟ್ಟಿತು. ಮಲೆನಾಡಿನ ಅಂಚಿನಲ್ಲಿ ನಾನು ಗಣಿತ ಕಲಿಸುತ್ತಿದ್ದ ಹೈಸ್ಕೂಲಿಗೆ ತುಸು ತಡವಾಗಿ ಎರಡು ಯಂತ್ರ ಬಂದವು. ಕಿಟಕಿಗೆ ಪರದೆ, ಯಂತ್ರಕ್ಕೆ ಬಟ್ಟೆಯ ಹೊದಿಕೆ, ಚಪ್ಪಲಿ ಹೊರಗೆ. ಮಕ್ಕಳು ದೇವರ ಮನೆಗೆ ಹೋಗುವ ಹಾಗೆ ಒಳಗೆ ಬರುತ್ತಿದ್ದರು. ಮೇಲಿನ ಸಾಲಿನ ಕೆಂಪು ಗುಂಡಿಗಳನ್ನು ಮುಟ್ಟಿ ನೋಡಲು ಜಗಳವೇ ಆಗುತ್ತಿತ್ತು.

ದೊಡ್ಡ ತಲೆನೋವೆಂದರೆ ಕರೆಂಟು. ಒಂದು ಗಂಟೆ ಕೂತು ಬರೆದದ್ದು ಕರೆಂಟು ಹೋದ ಕ್ಷಣದಲ್ಲಿ ಮಾಯವಾಗುತ್ತಿತ್ತು. ಮನೆಮನೆಯಲ್ಲಿ ಹಾಡು ಕೇಳುವ ಟೇಪ್‌ರೆಕಾರ್ಡರೇ ನಮಗೆ ಗತಿ. ಬರೆದ ಪ್ರೋಗ್ರಾಮನ್ನು ಯಂತ್ರ ಕೀರಲು ಸದ್ದಾಗಿ ಮಾಡಿ ಕ್ಯಾಸೆಟ್ಟಿಗೆ ಕಳಿಸುತ್ತಿತ್ತು. ಸೊನ್ನೆಗೆ ಸೆಕೆಂಡಿಗೆ 1,200 ಕಂಪನದ ಸ್ವರದ ಒಂದು ಅಲೆ, ಒಂದಕ್ಕೆ 2,400ರ ಎರಡು ಅಲೆ. ಇಷ್ಟೇ ಅದರ ಸಂಗೀತ. ಪ್ರತಿಯೊಂದನ್ನೂ ಎರಡು ಸಲ ರೆಕಾರ್ಡು ಮಾಡಿ ಎಂದು ನಾನು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದ್ದೆ. “ಟೀಚರ್, ಎರಡೆರಡು ಸಲ ಯಾಕೆ?” ಎಂದು ಗೊಣಗುತ್ತಿದ್ದರು.

1987ರ ಮುಂಗಾರಿನಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟರು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ, ಬೆಳಿಗ್ಗೆ ಎಂಟೂವರೆಗೆ ಅಳೆದರು. ಶಾಲೆಯ ಹಿಂದಿನ ಬೀದಿಯಲ್ಲಿದ್ದವಳು ಭಾನುವಾರವೂ ಬಂದು ಅಳೆಯುತ್ತಿದ್ದಳು. ಆ ವರ್ಷ ದೇಶಕ್ಕೇ ಬರ ಬಡಿದಿತ್ತು ಎನ್ನುವುದು ಹಿರಿಯರಿಗೆ ನೆನಪಿರಬಹುದು. ಅಳತೆಗಳನ್ನು ಕಂಪ್ಯೂಟರಿಗೆ ಹಾಕಿ, ದಿನಕ್ಕೊಂದು ಕಂಬ ಏಳುವಂತೆ ಇಬ್ಬರೂ ಸೇರಿ ಪ್ರೋಗ್ರಾಮು ಬರೆದರು. ಕಾಗದದ ಮೇಲಿನ ಪಟ್ಟಿಯನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಯಂತ್ರಗಳೂ ಕೆಟ್ಟು ಮೂಲೆ ಸೇರಿ ಕಾಣೆಯಾದವು. ಉಳಿದದ್ದು ನನ್ನ ಟ್ರಂಕಿನಲ್ಲಿದ್ದ ಒಂದು ಕ್ಯಾಸೆಟ್ಟು. ಅಂಟಿಸಿದ ಚೀಟಿಯ ಮೇಲೆ ‘ಮಳೆ – 9ನೇ ತರಗತಿ’ ಎಂದಿತ್ತು.

ದುಭಾಷಿ

ಆ ಕ್ಯಾಸೆಟ್ಟಿನ ಸದ್ದು ಅರ್ಥವಾಗುವುದು ಬಿಬಿಸಿ ಮೈಕ್ರೊಗೆ ಮಾತ್ರ. ಆ ಯಂತ್ರವೇ ಇಲ್ಲದಿದ್ದರೆ? ಇಲ್ಲೇ ವೇಷಧಾರಿ ಬೇಕಾಗುವುದು.

ಬಿಬಿಸಿ ಮೈಕ್ರೊದ ಮಿದುಳು 6502 ಎಂಬ ಚಿಪ್ಪು. ಅದರಲ್ಲಿ ಇದ್ದದ್ದು ಸುಮಾರು 3,500 ಟ್ರಾನ್ಸಿಸ್ಟರು. ಅದಕ್ಕೆ ಗೊತ್ತಿದ್ದ ಅಪ್ಪಣೆಗಳು 56, ನಮ್ಮ ವರ್ಣಮಾಲೆಯ 49 ಅಕ್ಷರಕ್ಕಿಂತ ಏಳು ಹೆಚ್ಚು, ಅಷ್ಟೇ. ಈ ಸಂಖ್ಯೆ ಎತ್ತಿಕೋ, ಅದನ್ನು ಕೂಡು, ಅಲ್ಲಿಡು, ಸೊನ್ನೆ ಬಂದರೆ ಇಲ್ಲಿಗೆ ಹಾರು ಎಂಬಂಥವು. ರಾಸ್ಪ್‌ಬೆರಿ ಪೈಯ ಮಿದುಳಿಗೆ ಈ ಭಾಷೆ ಬರುವುದಿಲ್ಲ. ಎಮ್ಯುಲೇಟರ್ ನಡುವೆ ದುಭಾಷಿಯಂತೆ ಕೂರುತ್ತದೆ. ಹಳೆಯ ಅಪ್ಪಣೆ ಒಂದನ್ನು ಓದುತ್ತದೆ, ಅದರ ಅರ್ಥವನ್ನು ಹೊಸ ಚಿಪ್ಪಿನ ಭಾಷೆಯಲ್ಲಿ ಹೇಳಿ ಮಾಡಿಸುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಜೊತೆಗೆ ಹಳೆಯ ಯಂತ್ರದ ಪರದೆಯ ಚಿಪ್ಪು, ಸದ್ದಿನ ಚಿಪ್ಪು, ಕೀಲಿಮಣೆ ಇವೆಲ್ಲದರ ಪಾತ್ರವನ್ನೂ ತಾನೇ ಮಾಡುತ್ತದೆ. ಪ್ರೋಗ್ರಾಮಿಗೆ ತಾನಿರುವುದು ಬೇರೆಯವರ ಮನೆಯಲ್ಲಿ ಎಂಬ ಸುಳಿವೇ ಸಿಗುವುದಿಲ್ಲ.

ಹೀಗೆ ಒಂದೊಂದನ್ನೇ ಅನುವಾದಿಸಿದರೆ ನಿಧಾನವಾಗುವುದಿಲ್ಲವೇ? ಆಗುತ್ತದೆ. ಆದರೆ 6502 ಸೆಕೆಂಡಿಗೆ 20 ಲಕ್ಷ ಸಲ ಮಿಡಿಯುತ್ತಿತ್ತು. ನಮ್ಮಲ್ಲಿರುವ ರಾಸ್ಪ್‌ಬೆರಿ ಪೈ 4 ಮಿಡಿಯುವುದು 150 ಕೋಟಿ ಸಲ. ಅದರ ಕಷ್ಟವೆಲ್ಲ ನಿಧಾನ ಮಾಡುವುದರಲ್ಲೇ. ಪ್ರತಿ ಅಪ್ಪಣೆಗೂ ಹಳೆಯ ಚಿಪ್ಪಿಗೆ ಎಷ್ಟು ಹೊತ್ತು ಬೇಕಿತ್ತೆಂದು ಲೆಕ್ಕವಿಟ್ಟು, ಬೇಕೆಂದೇ ಕಾಯುತ್ತದೆ. ಕಾಯದಿದ್ದರೆ ಆಟದ ವೈರಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತವೆ, ಸಂಗೀತ ಕೀಚಲಾಗುತ್ತದೆ. ಸಂಜೆ ವಾಕಿಂಗಿನಲ್ಲಿ ಮೊಮ್ಮಗ ನನ್ನ ಜೊತೆ ಹೆಜ್ಜೆ ಹಾಕುವುದು ಹೀಗೆಯೇ.

ಈ ದುಭಾಷಿತನದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಬಿಬಿಸಿ ಮೈಕ್ರೊ ಮಾಡಿದ ಅದೇ ವಿಲ್ಸನ್ ಮತ್ತು ಫರ್ಬರ್ ಆಮೇಲೆ ಹೊಸ ಚಿಪ್ಪೊಂದನ್ನು ರೂಪಿಸಿದರು. ಹೆಸರು ಆರ್ಮ್. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಬಂದಾಗ ಅದನ್ನು ಬಿಬಿಸಿ ಮೈಕ್ರೊಗೇ ಜೋಡಿಸಿ ಪರೀಕ್ಷಿಸಿದರು. ಎಷ್ಟು ವಿದ್ಯುತ್ ಎಳೆಯುತ್ತದೆಂದು ಫರ್ಬರ್ ಮೀಟರು ಇಟ್ಟು ನೋಡಿದರೆ ಸೊನ್ನೆ! ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿಬಂದ ಚೂರುಪಾರು ವಿದ್ಯುತ್ತಿನಲ್ಲೇ ಅದು ಕೆಲಸ ಮಾಡುತ್ತಿತ್ತು. ಇವತ್ತು ನಿಮ್ಮ ಮೊಬೈಲಿನಲ್ಲಿರುವುದು ಅದರ ಸಂತಾನ. ರಾಸ್ಪ್‌ಬೆರಿ ಪೈಯಲ್ಲಿ ಇರುವುದೂ ಅದೇ. ಅಂದರೆ ಮೊಮ್ಮಗನೇ ಅಜ್ಜನ ವೇಷ ಹಾಕಿದಂತೆ.

2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂದ ಈ ಹಲಗೆಯೂ ಕೇಂಬ್ರಿಜ್‌ನದೇ. ಕಂಪ್ಯೂಟರ್ ವಿಜ್ಞಾನಕ್ಕೆ ಸೇರಲು ಬರುವ ಮಕ್ಕಳಿಗೆ ಪ್ರೋಗ್ರಾಮು ಬರೆದ ಅನುಭವವೇ ಕಡಿಮೆಯಾಗುತ್ತಿದೆ ಎಂದು ಅಲ್ಲಿನ ಕೆಲವರಿಗೆ ಚಿಂತೆಯಾಯಿತು. ಅವರಲ್ಲೊಬ್ಬರಾದ ಎಬೆನ್ ಅಪ್ಟನ್ ಹುಡುಗರಾಗಿದ್ದಾಗ ಬಿಬಿಸಿ ಮೈಕ್ರೊದಲ್ಲೇ ಕಲಿತವರು. ಅದಕ್ಕೇ ಹಲಗೆಯ ಮೊದಲ ಮಾದರಿಗಳಿಗೂ ಬಿಬಿಸಿ ಯಂತ್ರದ ಹಾಗೆ ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂದೇ ಹೆಸರಿಟ್ಟರು. 2015ರಲ್ಲಿ ಐದು ಡಾಲರಿನ ಇನ್ನೂ ಚಿಕ್ಕ ಹಲಗೆ ಬಂದಾಗ ಅದನ್ನು ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಪುಕ್ಕಟೆ ಕೊಟ್ಟಿದ್ದರಂತೆ. ನಮ್ಮ ಸಂಪಾದಕರು ಗಮನಿಸಲಿ!

ಬೂಷ್ಟು, ಬೆಲ್ಟು, ಸ್ಕ್ರೂ

ಪೈಯಲ್ಲಿ ಎಮ್ಯುಲೇಟರ್ ಹಾಕಿಕೊಟ್ಟದ್ದು ನನ್ನ ಮಗಳು. ಅರ್ಧ ಗಂಟೆಯ ಕೆಲಸ. ಕ್ಯಾಸೆಟ್ಟಿನದು ಎರಡು ತಿಂಗಳಾಯಿತು.

ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಇರುವವರೆಲ್ಲ ಇದನ್ನು ಕೇಳಿಸಿಕೊಳ್ಳಿ: ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸಬೇಡಿ. ಹೆಡ್ಡಿಗೂ ಮೆತ್ತುತ್ತದೆ, ಟೇಪೂ ಕಿತ್ತುಹೋಗಬಹುದು. ಪೇಟೆಯಲ್ಲಿ ರೇಡಿಯೊ ರಿಪೇರಿಯ ಹಿರಿಯರೊಬ್ಬರಿದ್ದಾರೆ. ಅವರು ಟೇಪಿನ ಸುರುಳಿಗಳನ್ನು ಬಿಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಸ್ಕ್ರೂ ಇರುವ ಬೇರೆ ಡಬ್ಬಿಗೆ ಕೂರಿಸಿದರು. ನಮ್ಮ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟು ಹಲಸಿನ ಮೇಣದ ಹಾಗೆ ಅಂಟಂಟಾಗಿತ್ತು. ಅದನ್ನೂ ಬದಲಿಸಿದರು. ದುಡ್ಡು ಕೇಳಿದರೆ, “ಇದನ್ನು ಕೇಳಿಕೊಂಡು ಬರುವವರೇ ಇಲ್ಲ ಅಮ್ಮಾ, ಕೆಲಸ ಸಿಕ್ಕಿದ್ದೇ ಖುಷಿ” ಎಂದರು. ಬಲವಂತದಿಂದ ಕೊಟ್ಟು ಬಂದೆ.

ರಾಸ್ಪ್‌ಬೆರಿ ಪೈಗೆ ಕಣ್ಣುಬಾಯಿ ಇದ್ದರೂ ಕಿವಿ ಇಲ್ಲ, ಅಂದರೆ ಮೈಕಿನ ಕಿಂಡಿ ಇಲ್ಲ. ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡು ತಂದೆವು. ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಅದಕ್ಕೆ ತಂತಿ. ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಂಕಾದ ಸದ್ದು ಚುರುಕಾಗುತ್ತದೆ. ಮೊಮ್ಮಗ ಕಿವಿ ಕೊಟ್ಟು, “ಈಗ ಸರಿ ಅಜ್ಜಿ, ಈಗ ಜೀರುಂಡೆ ಹಾಗೆ ಕೇಳ್ತಿದೆ” ಎಂದ. ರೆಕಾರ್ಡು ಮಾಡಿದ ಸದ್ದನ್ನು ಎಂಪಿ3 ಮಾಡಬೇಡಿ. ಜಾಗ ಉಳಿಸಲು ಅದು ಮನುಷ್ಯರ ಕಿವಿಗೆ ಬೇಡದ್ದನ್ನೆಲ್ಲ ಬಿಸಾಡುತ್ತದೆ, ಕಂಪ್ಯೂಟರಿಗೆ ಬೇಕಾದದ್ದು ಅದರಲ್ಲೇ ಹೋಗಿರಬಹುದು.

ಎಮ್ಯುಲೇಟರಿಗೆ ಆ ಸದ್ದು ಉಣಿಸಿದೆವು. ‘ಸರ್ಚಿಂಗ್’ ಎಂದಿತು, ‘ಲೋಡಿಂಗ್’ ಎಂದಿತು, ತುಂಡುಗಳನ್ನು ಎಣಿಸತೊಡಗಿತು. ಬಿಬಿಸಿ ಯಂತ್ರ ಪ್ರೋಗ್ರಾಮನ್ನು 256 ಬೈಟಿನ ತುಂಡು ಮಾಡಿ ಟೇಪಿಗೆ ಬರೆಯುತ್ತದೆ. ಪ್ರತಿ ತುಂಡಿಗೂ ಒಂದು ತಾಳೆ ಲೆಕ್ಕ ಇರುತ್ತದೆ. ಲೆಕ್ಕ ತಪ್ಪಿದರೆ ಮುಂದೆ ಹೋಗುವುದಿಲ್ಲ. ನಾಲ್ಕು ತುಂಡು ಬಂತು. ಐದನೆಯದಕ್ಕೆ ‘ಡೇಟಾ?’ ಎಂದು ಕೇಳಿ, ‘ಟೇಪು ಹಿಂದಕ್ಕೆ ತಿರುಗಿಸಿ’ ಎಂದಿತು. ಅಂದಿನ ಮಾತೇ, ಅದೇ ಹಟ. ವೇಷ ಅಷ್ಟು ಚೆನ್ನಾಗಿತ್ತು.

ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಫೋನ್ ಮಾಡಿದೆ. “ಟೀಚರ್, ಆ ಕ್ಯಾಸೆಟ್ಟು ಇನ್ನೂ ಇಟ್ಟಿದ್ದೀರಾ!” ಎಂದವಳು ಒಂದು ನಿಮಿಷ ಮಾತಾಡಲಿಲ್ಲ. ಇನ್ನೊಬ್ಬಳು, ಭಾನುವಾರವೂ ಮಳೆ ಅಳೆಯುತ್ತಿದ್ದವಳು, ತೀರಿಕೊಂಡು ಆರು ವರ್ಷವಾಯಿತು.

ಸದ್ದಿನ ಕಡತವನ್ನು ಬೆಂಗಳೂರಿಗೆ ಕಳಿಸಿದೆವು. ಗೊಣಗುತ್ತಲೇ ಎರಡು ಸಲ ರೆಕಾರ್ಡು ಮಾಡಿದ್ದರಲ್ಲ, ಒಂದು ಪ್ರತಿಯಲ್ಲಿ ಹಾಳಾದ ತುಂಡು ಇನ್ನೊಂದರಲ್ಲಿ ಚೆನ್ನಾಗಿತ್ತು. ಅವಳು ರಾತ್ರಿ ಕೂತು ಎರಡರಿಂದಲೂ ಒಳ್ಳೆಯ ತುಂಡುಗಳನ್ನು ಹೆಕ್ಕಿ, ಕೌದಿ ಹೊಲಿದಂತೆ ಹೊಲಿದಳು. ಒಂದೇ ಒಂದು ತುಂಡು ಎರಡರಲ್ಲೂ ಕೆಟ್ಟಿತ್ತು. ಅದರಲ್ಲೂ ಮುಕ್ಕಾಲು ಪಾಲು ಓದಲು ಬಂತು. ಹೋದದ್ದು ಆಗಸ್ಟ್ 9ರಿಂದ 19ರವರೆಗಿನ ಹನ್ನೊಂದು ದಿನದ ಮಳೆ.

ಇಷ್ಟು ಪಾಡು ಒಂದು ಕ್ಯಾಸೆಟ್ಟಿಗೇ? ಇಂಗ್ಲೆಂಡಿನಲ್ಲಿ 1986ರಲ್ಲಿ ಮಾಡಿದ, ಇದಕ್ಕಿಂತ ಎಷ್ಟೋ ದೊಡ್ಡದು ಕಳೆದುಹೋಗುವುದರಲ್ಲಿತ್ತು. 1086ರಲ್ಲಿ ಅಲ್ಲಿನ ರಾಜ ಊರೂರಿನ ಹೊಲ, ಗಿರಣಿ, ದನಕರುಗಳ ಲೆಕ್ಕ ಬರೆಸಿದ ಡೂಮ್ಸ್‌ಡೇ ಎಂಬ ಪುಸ್ತಕಕ್ಕೆ ಆಗ 900 ವರ್ಷ ತುಂಬಿತ್ತು. ಅದರ ನೆನಪಿಗೆ ಸಾವಿರಾರು ಶಾಲೆಗಳ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ಬಗ್ಗೆ ಬರೆದು, ಫೋಟೊ ತೆಗೆದು, ಬಿಬಿಸಿ ಕಂಪ್ಯೂಟರಿನಲ್ಲಿ ನೋಡುವ ದೊಡ್ಡ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆ ಓದುವ ಯಂತ್ರಗಳೇ ಅಪರೂಪವಾದವು. 900 ವರ್ಷದ ಪುಸ್ತಕವನ್ನು ಇವತ್ತೂ ಓದಬಹುದು, ಮೊನ್ನೆಯ ತಟ್ಟೆಯನ್ನು ಓದಲಾಗದು! ಕೊನೆಗೆ 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ತಂಡ ಎಮ್ಯುಲೇಟರ್ ಬರೆದು ಅದನ್ನು ಮತ್ತೆ ತೆರೆದು ತೋರಿಸಿತು.

145ನೆಯ ಸಾಲು

ಹೊಲಿದ ಪ್ರೋಗ್ರಾಮು ವಾಪಸು ಬಂತು. ಮೊದಲ ಸಾಲಿನಲ್ಲೇ ಇಂಗ್ಲಿಷಿನ ‘ರೇನ್’ ಪದದ ಎರಡು ಅಕ್ಷರ ಅದಲುಬದಲಾಗಿದೆ. ಅದನ್ನು ಕೀಲಿಸಿದ್ದು ತೀರಿಕೊಂಡ ಹುಡುಗಿ. ಮೊಮ್ಮಗ ತಿದ್ದಲು ಹೋದ. ಫೋನಿನಲ್ಲಿದ್ದ ಅವಳ ಗೆಳತಿ, “ಬೇಡ ಪುಟ್ಟಾ, ಹಾಗೇ ಬಿಡು” ಎಂದಳು.

ಕಳೆದುಹೋದ ಹನ್ನೊಂದು ದಿನದ ಜಾಗದಲ್ಲಿ ಏನು ಹಾಕುವುದು? ಮೊಮ್ಮಗ ಸೊನ್ನೆ ಹಾಕಿದ್ದ. ನಾನು ಒಪ್ಪಲಿಲ್ಲ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದು ಯಾರೋ ನೋಡಿ ಬರೆದದ್ದು. ಇದು ಗೊತ್ತಿಲ್ಲದ್ದು. ಎರಡೂ ಒಂದೇ ಅಲ್ಲ. ಅದರಲ್ಲೂ ಬರದ ವರ್ಷದ ಲೆಕ್ಕದಲ್ಲಿ ಸುಮ್ಮನೆ ಹನ್ನೊಂದು ಸೊನ್ನೆ ಸೇರಿಸುವುದು ಸುಳ್ಳು ಹೇಳಿದಂತೆ. ಮಳೆ ಎಂದೂ ಸೊನ್ನೆಗಿಂತ ಕಡಿಮೆ ಬೀಳುವುದಿಲ್ಲವಾದ್ದರಿಂದ ಆ ದಿನಗಳಿಗೆ ಮೈನಸ್ ಒಂದು ಹಾಕಿಸಿದೆ. ಮೈನಸ್ ಒಂದು ಕಂಡರೆ ಕಂಬ ಎಬ್ಬಿಸದೆ ಜಾಗ ಖಾಲಿ ಬಿಡು ಎಂದು ಪ್ರೋಗ್ರಾಮಿಗೆ ಹೇಳಬೇಕಿತ್ತು. ಬೇಸಿಕ್‌ನಲ್ಲಿ ಸಾಲುಗಳಿಗೆ 10, 20, 30 ಎಂದು ಹತ್ತು ಬಿಟ್ಟು ಸಂಖ್ಯೆ ಹಾಕುತ್ತಾರೆ, ಮುಂದೆ ಯಾರಾದರೂ ನಡುವೆ ಸೇರಿಸುವುದಾದರೆ ಜಾಗ ಇರಲಿ ಎಂದು. 140 ಮತ್ತು 150ರ ನಡುವೆ ಮೊಮ್ಮಗ 145 ಎಂದು ಹಾಕಿ ತನ್ನ ಸಾಲು ಬರೆದ. ‘ರನ್’ ಎಂದ.

ಕಂಬಗಳು ಒಂದೊಂದಾಗಿ ಎದ್ದವು, ಅಂದಿನದೇ ನಿಧಾನದಲ್ಲಿ. ಜೂನಿನವು ಗಿಡ್ಡ. ಜುಲೈಯಲ್ಲಿ ಬಾಯಾರಿದ ವಾರಗಳು. ಆಗಸ್ಟ್ 8ರಂದು ಒಂದು ಎತ್ತರದ ಕಂಬ, ಆಮೇಲೆ ಖಾಲಿ.

ಆ ಖಾಲಿಯನ್ನು ನೋಡುತ್ತಿದ್ದಾಗ ನೆನಪಾದದ್ದು ಕಾಫಿ ತೋಟಗಳು. ನಮ್ಮ ಕಡೆಯ ತೋಟದವರು ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಎರಡು ಮೈಲಿ ಆಚೆಯ ಮಳೆ ನಮ್ಮ ಶಾಲೆಯ ಅಂಗಳದ ಮಳೆಯಲ್ಲ, ನಿಜ. ಆ ಅಂಕಿಗಳನ್ನು ಬೇರೆ ಬಣ್ಣದ ಕಂಬದಲ್ಲಿ ತೋರಿಸೋಣ ಎಂದು ಮೊಮ್ಮಗ ಈಗಾಗಲೇ 146ನೆಯ ಸಾಲಿನ ಯೋಚನೆಯಲ್ಲಿದ್ದಾನೆ. ಪರಿಚಯದ ತೋಟದ ಮನೆಯವರು ನಿನ್ನೆ ಫೋನ್ ಮಾಡಿದ್ದರು. 1987ರ ಪುಸ್ತಕ ಅಟ್ಟದ ಮೇಲೆ ಇದೆಯಂತೆ, ಅರ್ಧ ಇಲಿ ತಿಂದಿದೆಯಂತೆ, ಯಾವ ಅರ್ಧವೆಂದು ಇನ್ನೂ ನೋಡಿಲ್ಲವಂತೆ. ಭಾನುವಾರ ಬನ್ನಿ ಎಂದಿದ್ದಾರೆ.